ಮಸುಕು ಜೋಡಿಗಳನ್ನು ಬಿಡಿಸುವುದು: ಬಡಾವಣೆಯ ಆಕಾಶ, ಸಣ್ಣ ದೂರದರ್ಶಕ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ತೆರೆಯ ಮೇಲೆ ತೋರಿಸಿದ್ದ ಲೆಕ್ಕಗಳನ್ನು ಇಲ್ಲಿ ಮಾತಿನಲ್ಲೇ ಬಿಡಿಸಿದೆ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿವೆ.)

ಜೋಡಿ ನಕ್ಷತ್ರ ಅಂದ ಕೂಡಲೇ ಎಲ್ಲರೂ ತೋರಿಸುವುದು ಅಲ್ಬಿರಿಯೊವನ್ನು. ಒಂದು ಹೊಂಬಣ್ಣ, ಇನ್ನೊಂದು ನೀಲಿ, ನಡುವೆ 34 ಆರ್ಕ್‌ಸೆಕೆಂಡ್ ಅಂತರ. (ಆರ್ಕ್‌ಸೆಕೆಂಡ್ ಅಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ.) ಎಂಥ ದೂರದರ್ಶಕಕ್ಕೂ, ಎಂಥ ಆಕಾಶದಲ್ಲೂ ಅದು ದಕ್ಕುತ್ತದೆ. ಇವತ್ತು ಅಂಥವನ್ನು ಪಕ್ಕಕ್ಕಿಡೋಣ. ಎರಡೂ ನಕ್ಷತ್ರಗಳು 9ರಿಂದ 12ರ ಕಾಂತಿಮಾನದಲ್ಲಿರುವ (ಈ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಸುಕು) ಜೋಡಿಗಳು, ಇಲ್ಲವೇ ಒಂದು ಬೆಳಗುತ್ತಿದ್ದು ಅದರ ಜೊತೆಗಾರ ಮಾತ್ರ 10–11ರಲ್ಲಿ ಅಡಗಿ ಕೂತಿರುವ ಜೋಡಿಗಳು ನಮ್ಮ ವಿಷಯ. ನೋಡುವ ಜಾಗ ಬೀದಿದೀಪಗಳ ನಡುವಿನ ಬಡಾವಣೆ: ಬರಿಗಣ್ಣಿಗೆ 5ನೇ ಕಾಂತಿಮಾನ ಕಷ್ಟಪಟ್ಟು ಕಾಣುವ, ಆಕಾಶ ಎಷ್ಟು ಕತ್ತಲೆಂದು ಹೇಳುವ ಬೋರ್ಟಲ್ ಅಳತೆಯಲ್ಲಿ 6 ಅಥವಾ 7 ಎನ್ನಬಹುದಾದ ಆಕಾಶ.

ಇಂಥ ಆಕಾಶದಲ್ಲಿ ಮಸುಕಾದದ್ದು ಏನೂ ಕಾಣದು ಎಂಬ ಮಾತು ಗ್ಯಾಲಕ್ಸಿಗಳ ಮಟ್ಟಿಗೆ ಬಹುಪಾಲು ನಿಜ, ನಕ್ಷತ್ರಗಳ ಮಟ್ಟಿಗೆ ಅರ್ಧ ನಿಜ. ಆ ಉಳಿದರ್ಧವನ್ನು ನಮ್ಮ ಕೈಗೆ ಕೊಡುವುದು ವರ್ಧನೆ.

ವರ್ಧನೆ ಏನು ಮಾಡುತ್ತದೆ

200 ಮಿ.ಮೀ. ವ್ಯಾಸದ ದೂರದರ್ಶಕವನ್ನು 40 ಪಟ್ಟು ವರ್ಧನೆಯಲ್ಲಿಟ್ಟರೆ ಐಪೀಸಿನಿಂದ, ಅಂದರೆ ಕಣ್ಣಿಡುವ ಮಸೂರದಿಂದ, ಹೊರಬರುವ ಬೆಳಕಿನ ಕಂಬ 5 ಮಿ.ಮೀ. ದಪ್ಪ. ಇದಕ್ಕೆ ನಿರ್ಗಮ ಕಿಂಡಿ ಎನ್ನೋಣ. ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಸಿಗುತ್ತದೆ. 200 ಪಟ್ಟಿಗೆ ಏರಿಸಿದರೆ ಅದು 1 ಮಿ.ಮೀ. ಆಗುತ್ತದೆ. ಹಿನ್ನೆಲೆಯ ಆಕಾಶ ಹರಡಿಕೊಂಡಿರುವ ಬೆಳಕು. ವರ್ಧನೆ 5 ಪಟ್ಟು ಹೆಚ್ಚಿದರೆ ಆ ಬೆಳಕು 25 ಪಟ್ಟು ಜಾಗಕ್ಕೆ ಹಂಚಿಹೋಗಿ ತೆಳುವಾಗುತ್ತದೆ. ಕಾಂತಿಮಾನದ ಲೆಕ್ಕದಲ್ಲಿ 3.5ರಷ್ಟು ಕಪ್ಪಾಗುತ್ತದೆ. ನಕ್ಷತ್ರವಾದರೋ ಬಿಂದು. ಅದರ ಬೆಳಕು ಇನ್ನೂ ಬಿಂದುವಾಗಿಯೇ ಕಣ್ಣಿಗೆ ಬೀಳುತ್ತದೆ. 40 ಪಟ್ಟಿನಲ್ಲಿ ಬೂದು ಬಣ್ಣದಲ್ಲಿ ಮುಳುಗಿದ್ದ 11.5ರ ನಕ್ಷತ್ರ 200 ಪಟ್ಟಿನಲ್ಲಿ ಎದ್ದು ಬರುವುದು ಇದೇ ಕಾರಣಕ್ಕೆ.

ಹಾಗಂತ ಏರಿಸುತ್ತಲೇ ಹೋಗುವಂತಿಲ್ಲ. ನಿರ್ಗಮ ಕಿಂಡಿ 0.5 ಮಿ.ಮೀ.ಗಿಂತ ಕೆಳಗಿಳಿದರೆ ನಕ್ಷತ್ರವೇ ಪುಟ್ಟ ತಟ್ಟೆಯಾಗಿ ಹಿಗ್ಗುತ್ತದೆ, ವಾತಾವರಣದ ನಡುಕ ಅದನ್ನು ಇನ್ನಷ್ಟು ಹರಡುತ್ತದೆ, ಮಸುಕು ಜೊತೆಗಾರ ಕರಗಿಹೋಗುತ್ತದೆ. ಕಣ್ಣೊಳಗಿನ ತೇಲುಕಣಗಳೂ ಆಗ ನೆರಳು ಬೀಳಿಸುತ್ತವೆ. ಮಸುಕು ಜೋಡಿಗೆ 1ರಿಂದ 0.6 ಮಿ.ಮೀ. ಹದವಾದ ವ್ಯಾಪ್ತಿ. 200 ಮಿ.ಮೀ. ಉಪಕರಣಕ್ಕೆ ಅದು 200ರಿಂದ 330 ಪಟ್ಟು, 100 ಮಿ.ಮೀ.ಗೆ 100ರಿಂದ 165.

ಒಂದು ದೂರದರ್ಶಕ ಎಷ್ಟು ಮಸುಕನ್ನು ಮುಟ್ಟುತ್ತದೆ ಎಂಬುದಕ್ಕೆ ಹಳೆಯ ಸೂತ್ರವೊಂದಿದೆ: ಮಿ.ಮೀ.ನಲ್ಲಿ ವ್ಯಾಸದ ಲಾಗರಿದಮ್ ತೆಗೆದು, 5ರಿಂದ ಗುಣಿಸಿ, 2 ಕೂಡಿಸಿ. 100 ಮಿ.ಮೀ.ಗೆ 12, 150ಕ್ಕೆ 12.9, 200ಕ್ಕೆ 13.5 ಬರುತ್ತದೆ. ಬಡಾವಣೆಯಲ್ಲಿ ಇದರಿಂದ 1 ಅಥವಾ 1.5 ಕಳೆಯಿರಿ. 'ಅಲ್ಲಿ ಏನೋ ಇದೆ' ಅನ್ನುವುದಕ್ಕೂ 'ಅಲ್ಲಿ ಎರಡಿವೆ' ಅನ್ನುವುದಕ್ಕೂ ನಡುವೆ ಇನ್ನೊಂದು ಅರ್ಧ ಕಳೆದುಬಿಡಿ. 200 ಮಿ.ಮೀ.ಯಲ್ಲಿ ಜೊತೆಗಾರ 11.5ರವರೆಗೆ ಇದ್ದರೆ ನೆಮ್ಮದಿ. ಆಮೇಲಿನದು ಒಳ್ಳೆಯ ರಾತ್ರಿಗೆ ಕಾಯಬೇಕಾದ ಕೆಲಸ.

ಡಾಸ್ ಮಿತಿಯನ್ನು ನಂಬಿ ಕೆಡುವುದು

ದೂರದರ್ಶಕದ ಪೆಟ್ಟಿಗೆಯ ಮೇಲೆಲ್ಲ ಅಚ್ಚಾಗಿರುವ ಸಂಖ್ಯೆ ಡಾಸ್ ಮಿತಿ, ಅಂದರೆ ಆ ದೂರದರ್ಶಕ ಬಿಡಿಸಬಲ್ಲ ಅತಿ ಕಡಿಮೆ ಅಂತರ: 116ನ್ನು ಮಿ.ಮೀ. ವ್ಯಾಸದಿಂದ ಭಾಗಿಸಿ. 200 ಮಿ.ಮೀ.ಗೆ 0.58 ಆರ್ಕ್‌ಸೆಕೆಂಡ್. ಇದು ಹುಟ್ಟಿದ್ದು ಸಮಾನ ಕಾಂತಿಯ, ಸಾಕಷ್ಟು ಬೆಳಗುವ ಜೋಡಿಗಳನ್ನು ನೋಡಿ. ಮಸುಕು ಜೋಡಿಗೆ ಇದನ್ನು ಹಚ್ಚಿದರೆ ನಿರಾಸೆ ಖಚಿತ. 1914ರಲ್ಲಿ ಟಿ. ಲೂಯಿಸ್ ಅನುಭವಿ ವೀಕ್ಷಕರ ದಾಖಲೆಗಳನ್ನು ಒಟ್ಟುಮಾಡಿ ನೋಡಿದಾಗ ಬಂದ ಲೆಕ್ಕ ಇನ್ನೂ ಪ್ರಾಮಾಣಿಕವಾದದ್ದು. ಅವರು ಅಂಗುಲದಲ್ಲಿ ಕೊಟ್ಟದ್ದನ್ನು ಮಿ.ಮೀ.ಗೆ ತಂದರೆ ಹೀಗೆ: ಬೆಳಗುವ ಸಮಾನ ಜೋಡಿಗೆ 122, ಮಸುಕಾದ ಸಮಾನ ಜೋಡಿಗೆ 216, ಮೂರು ಕಾಂತಿಮಾನದಷ್ಟು ವ್ಯತ್ಯಾಸವಿರುವ ಜೋಡಿಗೆ 419, ಆರರಷ್ಟು ವ್ಯತ್ಯಾಸವಿದ್ದರೆ 914, ಯಾವುದನ್ನಾದರೂ ವ್ಯಾಸದಿಂದ ಭಾಗಿಸಿ. 200 ಮಿ.ಮೀ.ಗೆ ಕೊನೆಯದು 4.6 ಆರ್ಕ್‌ಸೆಕೆಂಡ್! ಡಾಸ್ ಮಿತಿಯ ಎಂಟು ಪಟ್ಟು. ಲೂಯಿಸರ 'ಮಸುಕು' ಜೋಡಿಗಳೂ ಸರಾಸರಿ 8.5 ಮತ್ತು 9.1ರವು ಎಂಬುದನ್ನು ಮರೆಯಬೇಡಿ. ನಾವು ಹೊರಟಿರುವುದು ಅದಕ್ಕೂ ಕೆಳಗೆ.

ತಪ್ಪು ಮಸೂರದ್ದಲ್ಲ, ಕಣ್ಣಿನದು. ಹಗಲಲ್ಲಿ ಕಣ್ಣು 1 ಆರ್ಕ್‌ಮಿನಿಟ್ ಅಂತರವನ್ನು ಬಿಡಿಸುತ್ತದೆ. ಅದು ಅಕ್ಷಿಪಟದ ನಡುವಿನ ಶಂಕುಕೋಶಗಳ ಕೆಲಸ. ಬೆಳಕು ಕಡಿಮೆಯಾದಾಗ ಕೆಲಸಕ್ಕೆ ಬರುವ ದಂಡಕೋಶಗಳು ನೂರಾರು ಸೇರಿ ಒಂದೇ ಸಂಕೇತ ಕಳಿಸುತ್ತವೆ. ಆದ್ದರಿಂದ ಮಸುಕನ್ನು ಹಿಡಿಯುತ್ತವೆ, ವಿವರ ಕಳೆದುಕೊಳ್ಳುತ್ತವೆ. ಅವುಗಳ ಬಿಡಿಸುವ ಶಕ್ತಿ 10 ಆರ್ಕ್‌ಮಿನಿಟ್ ಆಸುಪಾಸು, ಅಂದರೆ 600 ಆರ್ಕ್‌ಸೆಕೆಂಡ್. ಹಾಗಾಗಿ ಮಸುಕು ಜೋಡಿಯ ಅಂತರವನ್ನು ವರ್ಧನೆಯಿಂದ ಗುಣಿಸಿದಾಗ ಕನಿಷ್ಠ 600, ನೆಮ್ಮದಿಗೆ 900 ಬರಬೇಕು. 4 ಆರ್ಕ್‌ಸೆಕೆಂಡಿನ ಜೋಡಿಗೆ 150ರಿಂದ 225 ಪಟ್ಟು. 2 ಆರ್ಕ್‌ಸೆಕೆಂಡಿನದಕ್ಕೆ 300ರಿಂದ 450. ಅಷ್ಟು ಏರಿಸಲು ಗಾಳಿ ಬಿಡುವ ರಾತ್ರಿಗಳು ಬೆರಳೆಣಿಕೆಯಷ್ಟು. ಮಸುಕು ಜೋಡಿಗಳ ಆಟ 4ರಿಂದ 15 ಆರ್ಕ್‌ಸೆಕೆಂಡಿನ ನಡುವೆ ನಡೆಯುತ್ತದೆ ಎನ್ನುವುದಕ್ಕೆ ಬೇರೆ ಪುರಾವೆ ಬೇಡ.

ಪಟ್ಟಿಯಿಂದ ಆರಿಸುವಾಗ

ಅಮೆರಿಕದ ನೌಕಾ ವೀಕ್ಷಣಾಲಯ ನಡೆಸುವ ವಾಷಿಂಗ್ಟನ್ ಜೋಡಿ ನಕ್ಷತ್ರ ಪಟ್ಟಿಯನ್ನು ಎಲ್ಲರೂ ಡಬ್ಲ್ಯುಡಿಎಸ್ ಎನ್ನುತ್ತಾರೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಜೋಡಿಗಳು ಅದರಲ್ಲಿವೆ, ಉಚಿತವಾಗಿ ಸಿಗುತ್ತದೆ. ಅದರ ಗುರುತಿನ ಸಂಖ್ಯೆಯೇ ವಿಳಾಸ: 04153-0739 ಎಂದರೆ ವಿಷುವದಂಶ (ಆಕಾಶದ ರೇಖಾಂಶ) 4 ಗಂಟೆ 15.3 ನಿಮಿಷ, ಘಂಟಾವೃತ್ತಾಂಶ (ಆಕಾಶದ ಅಕ್ಷಾಂಶ) ಋಣ 7 ಡಿಗ್ರಿ 39 ಕಲೆ. ಪ್ರತಿ ಸಾಲಿನಲ್ಲಿ ಮೊದಲ ಮತ್ತು ಕೊನೆಯ ಅಳತೆಯ ವರ್ಷ, ಒಟ್ಟು ಎಷ್ಟು ಅಳತೆಗಳಾಗಿವೆ, ಸ್ಥಾನಕೋನ (ಮುಖ್ಯ ನಕ್ಷತ್ರದಿಂದ ಜೊತೆಗಾರ ಇರುವ ದಿಕ್ಕು), ಅಂತರ, ಎರಡೂ ಕಾಂತಿಮಾನಗಳು ಇರುತ್ತವೆ.

ಕಂಡುಹಿಡಿದವರ ಸಂಕೇತ ನೋಡಿದರೆ ಜೋಡಿಯ ಸ್ವಭಾವವೇ ಅರ್ಧ ತಿಳಿಯುತ್ತದೆ. ಎಸ್‌ಟಿಎಫ್ ಎಂದರೆ ಎಫ್.ಜಿ.ಡಬ್ಲ್ಯು. ಸ್ಟ್ರೂವ. ದೊರ್ಪಾಟ್‌ನ 24 ಸೆಂ.ಮೀ. ಫ್ರೌನ್‌ಹೋಫರ್ ದೂರದರ್ಶಕದಿಂದ ಆಕಾಶ ಜಾಲಾಡಿ 1827ರಲ್ಲಿ 3112 ಜೋಡಿಗಳ ಪಟ್ಟಿ ಕೊಟ್ಟವರು. ಅವರ ಅಳತೆಗಳನ್ನು ಕಣ್ಣುಮುಚ್ಚಿ ನಂಬಬಹುದು. ಬಿಯು ಎಂದರೆ ಬರ್ನ್‌ಹ್ಯಾಮ್. ಷಿಕಾಗೊದಲ್ಲಿ ನ್ಯಾಯಾಲಯದ ಶೀಘ್ರಲಿಪಿಕಾರರಾಗಿದ್ದು, 1870ರ ದಶಕದಲ್ಲಿ ಮನೆಯ ಹಿತ್ತಲಿನ 6 ಅಂಗುಲದ ಕ್ಲಾರ್ಕ್ ದೂರದರ್ಶಕದಿಂದ ನೂರಾರು ಹೊಸ ಜೋಡಿ ಹುಡುಕಿದ ಹವ್ಯಾಸಿ. ಅವರ ಜೋಡಿಗಳು ಹೆಚ್ಚಾಗಿ ತೀರ ಇಕ್ಕಟ್ಟು, ನಮ್ಮ ಕೆಲಸಕ್ಕೆ ಒದಗುವುದು ಕಡಿಮೆ. ಎಚ್‌ಜೆ (ಜಾನ್ ಹರ್ಷೆಲ್), ಇಎಸ್ (ಎಸ್ಪಿನ್), ಜೆ (ಜೋಂಕೇರ್), ಈ ಮೂವರ ಜೋಡಿಗಳೇ ನಮ್ಮ ಗಣಿ. ಮಸುಕು, ಆದರೆ ಅಂತರ ಸಾಕಷ್ಟು.

ಗಣಿಯೆಂದ ಮೇಲೆ ಕಸವೂ ಇರುತ್ತದೆ. ಜಾನ್ ಹರ್ಷೆಲ್ ಆಕಾಶವನ್ನು ಪಟ್ಟೆಪಟ್ಟೆಯಾಗಿ ಗುಡಿಸುತ್ತ ಹೋಗುವಾಗ ಅಂತರ, ಕಾಂತಿಮಾನಗಳನ್ನು ಎಷ್ಟೋ ಕಡೆ ಅಂದಾಜಿನಲ್ಲೇ ಬರೆದುಕೊಂಡಿದ್ದರು. ಇಂಥ ಹಳೆಯ ಮಸುಕು ಜೋಡಿಗಳ ಕಾಂತಿಮಾನದಲ್ಲಿ ಒಂದರಷ್ಟು ತಪ್ಪು ಸಾಮಾನ್ಯ. ಪಟ್ಟಿಯಲ್ಲಿ 11 ಎಂದಿರುವುದು ನಿಜಕ್ಕೂ 12.3 ಆಗಿದ್ದರೆ ಇಡೀ ರಾತ್ರಿ ಹಾಳು. ಹೊರಡುವ ಮೊದಲು, ನಕ್ಷತ್ರಗಳ ಸ್ಥಾನ, ಕಾಂತಿ ಅಳೆದ ಗಯಾ ಉಪಗ್ರಹದ ದತ್ತಾಂಶದಲ್ಲಿ ಎರಡೂ ನಕ್ಷತ್ರಗಳ ಕಾಂತಿಮಾನ ನೋಡಿಕೊಳ್ಳಿ. ಅಲ್ಲೂ ಒಂದು ಎಚ್ಚರ ಬೇಕು: ಗಯಾ ಕಾಂತಿ ಅಳೆಯುವ, ಜಿ ಎಂಬ ತರಂಗಾಂತರ ವ್ಯಾಪ್ತಿ ಕೆಂಪಿನ ಕಡೆ ಅಗಲವಾಗಿದೆ. ಕೆಂಪು ಕುಬ್ಜ ನಕ್ಷತ್ರ ನಮ್ಮ ಕಣ್ಣಿಗೆ ಜಿ ಹೇಳುವುದಕ್ಕಿಂತ ಸುಮಾರು ಒಂದು ಕಾಂತಿಮಾನ ಮಸುಕಾಗಿಯೇ ಕಾಣುತ್ತದೆ.

ಇದೇ ಗಯಾ ಇನ್ನೊಂದು ಪ್ರಶ್ನೆಯನ್ನೂ ಬಗೆಹರಿಸುತ್ತದೆ: ಇವು ನಿಜವಾದ ಸಂಗಾತಿಗಳೋ, ಒಂದೇ ದಿಕ್ಕಿನಲ್ಲಿ ಬಿದ್ದ ಅಪರಿಚಿತರೋ? ಪ್ಯಾರಲಾಕ್ಸನ್ನು (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನ) ಮಿಲಿ ಆರ್ಕ್‌ಸೆಕೆಂಡಿನಲ್ಲಿ ತೆಗೆದುಕೊಂಡು 1000ವನ್ನು ಅದರಿಂದ ಭಾಗಿಸಿದರೆ ದೂರ ಪಾರ್ಸೆಕ್‌ಗಳಲ್ಲಿ ಬರುತ್ತದೆ. 5 ಇದ್ದರೆ 200 ಪಾರ್ಸೆಕ್ (ಒಂದು ಪಾರ್ಸೆಕ್ ಸುಮಾರು 3.26 ಜ್ಯೋತಿರ್ವರ್ಷ). ಅಷ್ಟು ದೂರದಲ್ಲಿ 10 ಆರ್ಕ್‌ಸೆಕೆಂಡ್ ಅಂತರವೆಂದರೆ, ಎರಡನ್ನೂ ಗುಣಿಸಿ, ಕನಿಷ್ಠ 2000 ಖಗೋಳ ಮಾನ, ಅಂದರೆ ಭೂಮಿ–ಸೂರ್ಯರ ದೂರದ 2000 ಪಟ್ಟು. ಎರಡರ ಪ್ಯಾರಲಾಕ್ಸ್ ದೋಷಮಿತಿಯೊಳಗೆ ಹೊಂದಿ, ಆಕಾಶದಲ್ಲಿ ಸರಿಯುವ ವೇಗ, ದಿಕ್ಕು ಎರಡೂ ಹೊಂದಿದರೆ ಸಂಗಾತಿಗಳೆಂದೇ ಹೇಳಬಹುದು.

ಉಪಕರಣ ಸಿದ್ಧವಾಗುವುದು

ಬಡಾವಣೆಯಲ್ಲಿ ದೊಡ್ಡ ಶತ್ರು ಬೀದಿದೀಪವಲ್ಲ, ಶಾಖ. ಕಾಂಕ್ರೀಟ್ ತಾರಸಿ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿ ಬಹು ಹೊತ್ತು ಉಗುಳುತ್ತಿರುತ್ತದೆ. ಪಕ್ಕದ ಮನೆಯ ತಾರಸಿಯ ಮೇಲೆ ಹಾದು ನೋಡಿದರೆ ನಕ್ಷತ್ರ ಕುದಿಯುತ್ತದೆ. ಸಾಧ್ಯವಿದ್ದರೆ ಮಣ್ಣು, ಹುಲ್ಲಿನ ಮೇಲೆ ನಿಲ್ಲಿಸಿ. ತಾರಸಿಯೇ ಗತಿಯಾದರೆ ನಡುರಾತ್ರಿಯ ಮೇಲೆ ಕೆಲಸ ಶುರು ಮಾಡಿ, ಗುರಿ 45 ಡಿಗ್ರಿಗಿಂತ ಮೇಲಿರುವಾಗಲೇ ನೋಡಿ. 30 ಡಿಗ್ರಿ ಎತ್ತರದಲ್ಲಿ ಬೆಳಕು ಎರಡು ಪಟ್ಟು ಗಾಳಿಯನ್ನು ದಾಟಿ ಬರುತ್ತದೆ. ಮೇಲಾಗಿ ಗಾಳಿ ಅಶ್ರಗದಂತೆ ವರ್ತಿಸಿ 45 ಡಿಗ್ರಿಯಲ್ಲಿ ಸುಮಾರು 1 ಆರ್ಕ್‌ಸೆಕೆಂಡಿನಷ್ಟು, 30 ಡಿಗ್ರಿಯಲ್ಲಿ ಅದರ ಹತ್ತಿರ ಹತ್ತಿರ ಎರಡರಷ್ಟು ನೀಲಿ–ಕೆಂಪುಗಳನ್ನು ಎಳೆದುಬಿಡುತ್ತದೆ.

200 ಮಿ.ಮೀ. ಕನ್ನಡಿ ಹೊರಗಿನ ತಂಪಿಗೆ ಹೊಂದಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ಹಿಂದೆ ಪುಟ್ಟ ಫ್ಯಾನ್ ಇದ್ದರೆ ಬೇಗ ಆಗುತ್ತದೆ. ಆಮೇಲೆ ಕನ್ನಡಿಗಳ ಜೋಡಣೆ. ಹಗಲಲ್ಲಿ ಲೇಸರ್ ಹಿಡಿದು ಮಾಡಿದ್ದು ಸಾಲದು. 200 ಪಟ್ಟಿಗಿಂತ ಮೇಲೆ 2 ಅಥವಾ 3ನೇ ಕಾಂತಿಮಾನದ ನಕ್ಷತ್ರವನ್ನು ನಡುವೆ ತಂದು, ಮೂರು ನಾಲ್ಕು ಉಂಗುರ ಕಾಣುವಷ್ಟು ಫೋಕಸ್ ತಪ್ಪಿಸಿ ನೋಡಿ. ಉಂಗುರಗಳು ಒಂದೇ ಕೇಂದ್ರದ ಸುತ್ತ ಇರಬೇಕು. ಒಂದು ಕಡೆ ಒತ್ತಿಕೊಂಡಿದ್ದರೆ ನಕ್ಷತ್ರಕ್ಕೆ ಬಾಲ ಬರುತ್ತದೆ, ಜೊತೆಗಾರ ಆ ಬಾಲದಲ್ಲಿದ್ದರೆ ಅದರ ಕಥೆ ಮುಗಿಯಿತು.

ದಾರಿತಪ್ಪಿ ಬರುವ ಬೆಳಕನ್ನು ತಡೆಯಲು ಖರ್ಚು ಕಡಿಮೆ, ಲಾಭ ಹೆಚ್ಚು. ಕೊಳವೆಯ ಬಾಯಿಗೆ ಅದರ ವ್ಯಾಸದ ಒಂದೂವರೆಯಷ್ಟು ಉದ್ದದ ಕಪ್ಪು ರಟ್ಟಿನ ತೋಳು ಸುತ್ತಿ, ಇಬ್ಬನಿಯೂ ತಡೆಯುತ್ತದೆ. ನ್ಯೂಟನ್ ಮಾದರಿಯಾದರೆ (ಕೊಳವೆಯ ಪಕ್ಕದಿಂದ ನೋಡುವ ಕನ್ನಡಿ ದೂರದರ್ಶಕ) ಫೋಕಸರಿನ ಎದುರು ಗೋಡೆಗೆ ಕಪ್ಪು ವೆಲ್ವೆಟ್ ಅಂಟಿಸಿ. ತಲೆಯ ಮೇಲೆ ದಪ್ಪ ಕಪ್ಪು ಬಟ್ಟೆ ಹೊದ್ದುಕೊಳ್ಳುವುದು ನೋಡುವವರಿಗೆ ತಮಾಷೆಯಾಗಿ ಕಂಡೀತು. ಆದರೆ ಇಷ್ಟು ಅಗ್ಗದಲ್ಲಿ ಇಷ್ಟು ಫಲ ಕೊಡುವ ಸಾಧನ ಬೇರೊಂದಿಲ್ಲ. ಉಸಿರು ಐಪೀಸಿಗೆ ತಾಗದಂತೆ ಬಟ್ಟೆಯ ಕೆಳಗೆ ಸಂದಿ ಬಿಡಿ. ಐಪೀಸಿನ ಮೇಲಿನ ಗಾಜಿಗೆ ರೆಪ್ಪೆಯ ಎಣ್ಣೆ ಅಂಟಿದ್ದರೆ ಪ್ರತಿ ನಕ್ಷತ್ರದ ಸುತ್ತ ಮಂಜಿನ ವೃತ್ತ ಹುಟ್ಟುತ್ತದೆ, ಸಂಜೆಯೇ ಒರೆಸಿಡಿ. ದುಬಾರಿ ಅಗಲ ನೋಟದ ಐಪೀಸು ಈ ಕೆಲಸಕ್ಕೆ ಬೇಕಿಲ್ಲ. ಸಾದಾ ಪ್ಲಾಸಲ್ ಅಥವಾ ಆರ್ಥೊಸ್ಕೋಪಿಕ್ ಸಾಕು.

ಐಪೀಸಿನ ಮುಂದೆ

ಕತ್ತಲಿಗೆ ಕಣ್ಣು ಹೊಂದಲು 20ರಿಂದ 30 ನಿಮಿಷ. ನಕ್ಷೆಯಲ್ಲಿ 12ನೇ ಕಾಂತಿಮಾನದವರೆಗಿನ ನಕ್ಷತ್ರಗಳು ಇರಲಿ, ನಿಮ್ಮ ಐಪೀಸಿನಲ್ಲಿ ಕಾಣುವಂತೆಯೇ ತಿರುಗಿಸಿ ಮುದ್ರಿಸಿಕೊಳ್ಳಿ. 50 ಪಟ್ಟಿನಲ್ಲಿ ಜಾಗ ಹುಡುಕಿ, ಗುರುತಿನ ತ್ರಿಕೋನವೊಂದನ್ನು ಮನಸ್ಸಿಗೆ ಹಾಕಿಕೊಂಡು, 100ಕ್ಕೆ, ಅಲ್ಲಿಂದ 200ಕ್ಕೆ ಏರಿ. 200 ಪಟ್ಟು, 50 ಡಿಗ್ರಿ ತೋರಿಕೆಯ ಐಪೀಸಿಗೆ ಸಿಗುವುದು 15 ಆರ್ಕ್‌ಮಿನಿಟ್ ಆಕಾಶ. ಮೋಟಾರಿಲ್ಲದ, ಕೈಯಿಂದಲೇ ತಿರುಗಿಸುವ ಡಾಬ್ಸೋನಿಯನ್‌ನಲ್ಲಿ ವಿಷುವದ್ವೃತ್ತದ ಬಳಿಯ ನಕ್ಷತ್ರ ಅದನ್ನು ಒಂದು ನಿಮಿಷದಲ್ಲಿ ದಾಟಿಬಿಡುತ್ತದೆ. ಅಂಚಿನಲ್ಲಿಟ್ಟು ಕೈ ಬಿಡಿ. ನಡುಕ ನಿಂತ ಮೇಲೆ ನಡುವಿನ ಅರ್ಧ ನಿಮಿಷ ನಿಮ್ಮದು.

ಫೋಕಸ್ ಮಾಡುವುದು ಮಸುಕು ನಕ್ಷತ್ರದ ಮೇಲಲ್ಲ. ಪಕ್ಕದ 6–7ರ ನಕ್ಷತ್ರವೊಂದರ ಮೇಲೆ ಮಾಡಿ ಹಿಂದಿರುಗಿ. ಹೆಚ್ಚಿನವರು ಸೋಲುವುದು ಇಲ್ಲೇ: ಮಸುಕು ನಕ್ಷತ್ರ ಸ್ವಲ್ಪ ಫೋಕಸ್ ತಪ್ಪಿದರೂ ಪೂರ್ತಿ ಮಾಯವಾಗುತ್ತದೆ, ಆಮೇಲೆ ಗುಂಡಿಯನ್ನು ಯಾವ ಕಡೆ ತಿರುಗಿಸಬೇಕೆಂದೇ ತಿಳಿಯುವುದಿಲ್ಲ.

ಇನ್ನು ಓರೆನೋಟ. ಗುರಿಯನ್ನು ಮೂಗಿನ ಕಡೆಗೆ ಬಿಟ್ಟು ಸ್ವಲ್ಪ ಆಚೆ ನೋಡಿ. ಬಲಗಣ್ಣಾದರೆ ಗುರಿಯ ಬಲಕ್ಕೆ. ಇನ್ನೊಂದು ಕಡೆ ನೋಡಿದರೆ ಗುರಿ ಕುರುಡು ಚುಕ್ಕೆಯ ಮೇಲೆ ಬೀಳಬಹುದು. ಆದರೆ ಜೋಡಿಯ ವಿಷಯದಲ್ಲಿ ಓರೆನೋಟ ಇಬ್ಬಾಯಿಯ ಕತ್ತಿ. ಪತ್ತೆ ಹಚ್ಚಿಕೊಡುತ್ತದೆ, ಬಿಡಿಸಿಕೊಡುವುದಿಲ್ಲ. ಆದ್ದರಿಂದ ಪೂರ್ತಿ ಆಚೆ ನೋಡದೆ, ನೋಟವನ್ನು ನಿಧಾನವಾಗಿ ಗುರಿಯ ಕಡೆ ಎಳೆದು ತನ್ನಿ. ಎಲ್ಲೋ ಒಂದು ಹಂತದಲ್ಲಿ ಜೊತೆಗಾರ ಇನ್ನೂ ಕಾಣುತ್ತಿರುತ್ತದೆ, ಅಂತರವೂ ತೆರೆದುಕೊಳ್ಳುತ್ತದೆ. ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಅಲುಗುವ ಮಸುಕು ನಿಂತ ಮಸುಕಿಗಿಂತ ಬೇಗ ಕಣ್ಣಿಗೆ ಬೀಳುತ್ತದೆ. ಉಸಿರು ಬಿಗಿಹಿಡಿಯಬೇಡಿ. ಆಮ್ಲಜನಕ ಕಡಿಮೆಯಾದರೆ ಮೊದಲು ಕುಂದುವುದು ಇರುಳುನೋಟ.

ಸ್ಥಾನಕೋನವನ್ನು ಪಟ್ಟಿ ನೋಡದೆ ಅಂದಾಜಿಸಿ. ಉತ್ತರ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270 ಡಿಗ್ರಿ. ಮುಖ್ಯ ನಕ್ಷತ್ರದಿಂದ ಜೊತೆಗಾರನ ಕಡೆಗೆ. ಮೋಟಾರು ನಿಲ್ಲಿಸಿದಾಗ ನಕ್ಷತ್ರ ಹರಿದು ಹೋಗುವ ಕಡೆ ಪಶ್ಚಿಮ. ನ್ಯೂಟನ್ ಮಾದರಿಯಲ್ಲಿ ಉತ್ತರದಿಂದ ಪೂರ್ವಕ್ಕೆ ಹೋಗುವುದು ಗಡಿಯಾರದ ವಿರುದ್ಧ ದಿಕ್ಕಿನಲ್ಲಿ. ಡಯಾಗನಲ್ ಕನ್ನಡಿ ಹಾಕಿದ ಮಸೂರದ ದೂರದರ್ಶಕದಲ್ಲಿ ಗಡಿಯಾರದ ದಿಕ್ಕಿನಲ್ಲಿ. ಇದನ್ನು ಮರೆತು 90 ಮತ್ತು 270ನ್ನು ಅದಲುಬದಲು ಮಾಡಿದ ದಾಖಲೆಗಳಿಗೆ ಲೆಕ್ಕವಿಲ್ಲ. ಮೂರು ಬಾರಿ ಒಂದೇ ಜಾಗದಲ್ಲಿ ಮಿಣುಕಿ, ಆಮೇಲೆ ನೋಡಿದ ಪಟ್ಟಿಯ ಕೋನಕ್ಕೂ ನಿಮ್ಮ ಅಂದಾಜಿಗೂ 20 ಡಿಗ್ರಿಯೊಳಗೆ ಹೊಂದಿದರೆ, ಕಂಡಿತು ಎಂದು ಬರೆಯಿರಿ. ಮೊದಲೇ ಕೋನ ತಿಳಿದು ಕೂತವರಿಗೆ ಇಲ್ಲದ ನಕ್ಷತ್ರವೂ ಕಾಣುತ್ತದೆ.

ಪ್ರಖರ ನಕ್ಷತ್ರದ ಪಕ್ಕದ ಮಸುಕು

ಅಸಮ ಜೋಡಿಯಲ್ಲಿ ಆಕಾಶದ ಬೆಳಕಿಗಿಂತ ಮುಖ್ಯ ನಕ್ಷತ್ರದ ಝಳವೇ ತೊಡಕು. ನ್ಯೂಟನ್ ಮಾದರಿಯಲ್ಲಿ ಒಳಗಿನ ಸಣ್ಣ ಕನ್ನಡಿಯನ್ನು ಹಿಡಿದಿರುವ ಕಂಬಿಗಳು ಹುಟ್ಟಿಸುವ ಬೆಳಕಿನ ಮುಳ್ಳುಗಳ ಮೇಲೆ ಜೊತೆಗಾರ ಕೂತಿದ್ದರೆ ಕೊಳವೆಯನ್ನು ಅದರ ಹಿಡಿಕೆಯಲ್ಲೇ 20–30 ಡಿಗ್ರಿ ತಿರುಗಿಸಿ. ಕೊಳವೆಯ ಬಾಯಿಗೆ ರಟ್ಟಿನಲ್ಲಿ ಕತ್ತರಿಸಿದ ಷಡ್ಭುಜದ ಕಿಂಡಿ ಹಾಕಿದರೆ ಬೆಳಕು ಆರು ಮುಳ್ಳುಗಳಿಗೆ ಸರಿದು ನಡುವಿನ ಜಾಗ ಕಪ್ಪಾಗುತ್ತದೆ; ರಟ್ಟನ್ನು ತಿರುಗಿಸುತ್ತ ಜೊತೆಗಾರನನ್ನು ಆ ಕಪ್ಪಿಗೆ ತನ್ನಿ. ಇಲ್ಲವೇ ಐಪೀಸಿನ ಒಳ ಅಂಚಿನ ಉಂಗುರಕ್ಕೆ ಅಲ್ಯುಮಿನಿಯಂ ಹಾಳೆಯ ಸಣ್ಣ ಪಟ್ಟಿ ಅಂಟಿಸಿ, ಮುಖ್ಯ ನಕ್ಷತ್ರವನ್ನು ಅದರ ಮರೆಗೆ ಸರಿಸಿ. ಪಟ್ಟಿ ಫೋಕಸಿನ ತಳದಲ್ಲೇ ಇರಬೇಕು. ಅಂಚು ಮಸುಕಾಗಿ ಕಂಡರೆ ಪ್ರಯೋಜನವಿಲ್ಲ.

ಕೆಲವು ಗುರಿಗಳು

ಮಹಾವ್ಯಾಧ (ಒರಾಯನ್) ಪುಂಜದ ಸಿಗ್ಮಾ ಒರಾಯನಿಸ್ ಪಕ್ಕದಲ್ಲೇ, ಅದೇ ಐಪೀಸಿನ ನೋಟದಲ್ಲಿ, ಎಸ್‌ಟಿಎಫ್ 761 ಎಂಬ 8ರ ಆಸುಪಾಸಿನ ಮೂರು ನಕ್ಷತ್ರಗಳಿವೆ. ಎರಡರ ನಡುವೆ 8.6 ಆರ್ಕ್‌ಸೆಕೆಂಡ್. ಅಲ್ಲಿಂದ ಶುರು ಮಾಡಿ. ಆಮೇಲೆ ಮಹಾವ್ಯಾಧದ ನೀಹಾರಿಕೆಯ ನಡುವಿನ ಟ್ರಪೀಸಿಯಮ್ ಎಂಬ ನಕ್ಷತ್ರಗುಚ್ಛ. ಅದರ ಇ ಮತ್ತು ಎಫ್ ನಕ್ಷತ್ರಗಳು ಸುಮಾರು 11ನೇ ಕಾಂತಿಮಾನದವು, ತಮ್ಮ ಪಕ್ಕದ ಪ್ರಖರ ನಕ್ಷತ್ರದಿಂದ 4.5 ಆರ್ಕ್‌ಸೆಕೆಂಡಿನ ಆಸುಪಾಸು. ಇ ಕಂಡದ್ದು 1826ರಲ್ಲಿ ಸ್ಟ್ರೂವರಿಗೆ, ಎಫ್ 1830ರಲ್ಲಿ ಜಾನ್ ಹರ್ಷೆಲರಿಗೆ. ಬೆಳಗುವ ನೀಹಾರಿಕೆಯ ಹಿನ್ನೆಲೆ ಥೇಟ್ ಬಡಾವಣೆಯ ಆಕಾಶದಂತೆ, ಹೀಗಾಗಿ ಇದಕ್ಕಿಂತ ಒಳ್ಳೆಯ ಗರಡಿ ಬೇರಿಲ್ಲ. 100 ಪಟ್ಟಿನಲ್ಲಿ ಕಾಣದ ಎಫ್ 200ರಲ್ಲಿ ಹೊರಬರುವುದನ್ನು ಗಮನಿಸಿ.

40 ಎರಿಡಾನಿ ನನ್ನ ಪ್ರಕಾರ ಈ ಪಟ್ಟಿಯ ರಾಜ. 4.4ರ ಮುಖ್ಯ ನಕ್ಷತ್ರದಿಂದ 83 ಆರ್ಕ್‌ಸೆಕೆಂಡ್ ಆಚೆ 9.5ರ ಶ್ವೇತ ಕುಬ್ಜ, ಅದಕ್ಕೆ 8 ಆರ್ಕ್‌ಸೆಕೆಂಡ್ ಚಿಲ್ಲರೆಯಲ್ಲಿ 11.2ರ ಕೆಂಪು ಕುಬ್ಜ. ದೂರ 16 ಜ್ಯೋತಿರ್ವರ್ಷ. ಸತ್ತ ಸೂರ್ಯನ ತಿರುಳನ್ನೂ ಕೆಂಪು ಕುಬ್ಜವನ್ನೂ ಒಟ್ಟಿಗೆ ತೋರಿಸುವ ಇಷ್ಟು ಸುಲಭದ ಜೋಡಿ ಇನ್ನೊಂದಿಲ್ಲ. 150 ಮಿ.ಮೀ., 150 ಪಟ್ಟು ಸಾಕು. ವಿಲಿಯಂ ಹರ್ಷೆಲ್ ಇದನ್ನು 1783ರಲ್ಲೇ ಗುರುತಿಸಿದ್ದರು.

ಮಿಥುನದ ಕ್ಯಾಸ್ಟರಿನಿಂದ 71 ಆರ್ಕ್‌ಸೆಕೆಂಡ್ ಆಚೆ ಕ್ಯಾಸ್ಟರ್ ಸಿ ಇದೆ. 9ರ ಆಸುಪಾಸಿನ ಕೆಂಪು ಚುಕ್ಕೆ, ಒಂದು ದಿನಕ್ಕೂ ಕಡಿಮೆ ಅವಧಿಯ ಗ್ರಹಣ ಜೋಡಿ. ಡ್ರೇಕೊದಲ್ಲಿ ಸ್ಟ್ರೂವ 2398: 8.9 ಮತ್ತು 9.7, ಎರಡೂ ಕೆಂಪು ಕುಬ್ಜ, ಅಂತರ 11 ಆರ್ಕ್‌ಸೆಕೆಂಡಿನ ಆಸುಪಾಸು. ದೇವಯಾನಿಯ ಗ್ರೂಮ್‌ಬ್ರಿಡ್ಜ್ 34: 8.1 ಮತ್ತು 11, ಅಂತರ 35 ಆರ್ಕ್‌ಸೆಕೆಂಡಿನ ಬಳಿ. ಇದು ವರ್ಷಕ್ಕೆ 2.9 ಆರ್ಕ್‌ಸೆಕೆಂಡ್ ಸರಿಯುತ್ತದೆ; 25 ವರ್ಷದಲ್ಲಿ ಒಂದು ಆರ್ಕ್‌ಮಿನಿಟಿಗೂ ಹೆಚ್ಚು. 2000ದ ಸ್ಥಾನ ಹಾಕಿದ ನಕ್ಷೆ ಹಿಡಿದು 200 ಪಟ್ಟಿನಲ್ಲಿ ಹುಡುಕಿದರೆ ನಕ್ಷತ್ರ 'ತಪ್ಪಾದ' ಜಾಗದಲ್ಲಿ ಕೂತಿರುತ್ತದೆ. ಗಟ್ಟಿಗರಿಗೆ ಸೀಫಿಯಸ್‌ನ ಕ್ರೂಗರ್ 60. 9.8 ಮತ್ತು 11.3, ಸುತ್ತುವ ಅವಧಿ ಸುಮಾರು 44.6 ವರ್ಷ, ಅಂತರ 1.4ರಿಂದ 3.4 ಆರ್ಕ್‌ಸೆಕೆಂಡಿನವರೆಗೆ ಏರಿಳಿಯುತ್ತದೆ. 600ರ ಲೆಕ್ಕಕ್ಕೆ ಹಾಕಿ ನೋಡಿ, ಯಾಕೆ ಕಷ್ಟವೆಂದು ತಿಳಿಯುತ್ತದೆ.

ಸಭಿಕರ ಪ್ರಶ್ನೆಗಳು

ಬೆಳಕಿನ ಮಾಲಿನ್ಯ ತಡೆಯುವ ಫಿಲ್ಟರ್ ಹಾಕಬಹುದೇ?

ಬೇಡ. ಅವು ನೀಹಾರಿಕೆಗಳ ಕೆಲವು ನಿರ್ದಿಷ್ಟ ತರಂಗಾಂತರಗಳನ್ನು ಉಳಿಸಿ ಉಳಿದದ್ದನ್ನು ಕಡಿಯುತ್ತವೆ. ನಕ್ಷತ್ರ ಎಲ್ಲ ತರಂಗಾಂತರಗಳಲ್ಲೂ ಬೆಳಗುತ್ತದೆ, ಎಲ್‌ಇಡಿ ಬೀದಿದೀಪವೂ ಹಾಗೆಯೇ. ಫಿಲ್ಟರ್ ಎರಡನ್ನೂ ಸೇರಿಸಿ ಕಡಿಯುತ್ತದೆ.

ಒಳಗೆ ಅಳತೆಗೆರೆಗಳಿರುವ ಜಾಲರಿ ಐಪೀಸಿನಿಂದ ಅಂತರ, ಸ್ಥಾನಕೋನ ಅಳೆಯಬಹುದೇ?

10ನೇ ಕಾಂತಿಮಾನದವರೆಗೆ ಹೇಗೋ ಆದೀತು. ಅದರಾಚೆ ಜಾಲರಿಗೆ ಹಾಕುವ ಕೆಂಪು ದೀಪವೇ ನಕ್ಷತ್ರವನ್ನು ನುಂಗುತ್ತದೆ. ಅಲ್ಲಿಂದ ಮುಂದೆ ಕ್ಯಾಮೆರಾ. ಪಿಕ್ಸೆಲ್ ಗಾತ್ರವನ್ನು ಮೈಕ್ರಾನಿನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಮಿ.ಮೀ. ಫೋಕಲ್ ದೂರದಿಂದ ಭಾಗಿಸಿದರೆ ಒಂದು ಪಿಕ್ಸೆಲಿಗೆ ಎಷ್ಟು ಆರ್ಕ್‌ಸೆಕೆಂಡ್ ಎಂದು ಬರುತ್ತದೆ. 2.9 ಮೈಕ್ರಾನ್, 1000 ಮಿ.ಮೀ. ಇದ್ದರೆ 0.6, ಫೋಕಲ್ ದೂರ ಹೆಚ್ಚಿಸುವ 2 ಪಟ್ಟಿನ ಬಾರ್ಲೊ ಮಸೂರ ಹಾಕಿದರೆ 0.3, ಆಗ 5 ಆರ್ಕ್‌ಸೆಕೆಂಡಿನ ಜೋಡಿ 17 ಪಿಕ್ಸೆಲ್ ಅಗಲ. ಕೆಲವೇ ಸೆಕೆಂಡುಗಳ ಒಡ್ಡಿಕೆಯ ಹಲವು ಚಿತ್ರ ತೆಗೆಯಿರಿ, ಮುಖ್ಯ ನಕ್ಷತ್ರ ಬಿಳುಚಿ ತುಂಬಿಹೋಗದಂತೆ ನೋಡಿಕೊಳ್ಳಿ. ತುಂಬಿದರೆ ಅದರ ಕೇಂದ್ರ ಸರಿಯಾಗಿ ಸಿಗುವುದಿಲ್ಲ. ಹಿನ್ನೆಲೆಯ ನಕ್ಷತ್ರಗಳಿಂದ ಅಳತೆ, ದಿಕ್ಕು ಎರಡನ್ನೂ ತಂತ್ರಾಂಶ ಲೆಕ್ಕ ಹಾಕುತ್ತದೆ. ಒಂದೇ ರಾತ್ರಿಯ ನೂರು ಚಿತ್ರಗಳಿಗಿಂತ ಐದು ರಾತ್ರಿಗಳ ಇಪ್ಪತ್ತಿಪ್ಪತ್ತು ಚಿತ್ರ ಮೇಲು. ಯಾಕೆಂದರೆ ಫೋಕಸ್, ತಾಪ, ಕ್ಯಾಮೆರಾದ ಓರೆ ಇವೆಲ್ಲ ರಾತ್ರಿಯಿಂದ ರಾತ್ರಿಗೆ ಬದಲಾಗುತ್ತವೆ.

ಕಾಣದಿದ್ದರೆ ಏನು ಬರೆಯಬೇಕು?

'ಕಾಣಲಿಲ್ಲ' ಎಂದು ಬರೆದು ನಿಲ್ಲಿಸಬೇಡಿ. ದಿನಾಂಕ, ಸಾರ್ವತ್ರಿಕ ಸಮಯ, ವ್ಯಾಸ, ಬಳಸಿದ ಅತಿ ಹೆಚ್ಚಿನ ವರ್ಧನೆ, ಗುರಿಯ ಎತ್ತರ, ಗಾಳಿಯ ಸ್ಥಿತಿಗೆ 10ರಲ್ಲಿ ಒಂದು ಅಂಕ, ಚಂದ್ರನಿದ್ದನೇ ಎಂಬುದು, ಜೊತೆಗೆ ಅದೇ ನೋಟದಲ್ಲಿ ಖಚಿತವಾಗಿ ಕಂಡ ಅತಿ ಮಸುಕಾದ ನಕ್ಷತ್ರ ಯಾವುದು ಎಂಬುದು. ಈ ಕೊನೆಯದಿದ್ದರೆ ಮಾತ್ರ ಆ ದಾಖಲೆಗೆ ಬೆಲೆ. 12.1ರ ನಕ್ಷತ್ರ ಪಕ್ಕದಲ್ಲಿ ಕಂಡು, ಪಟ್ಟಿಯ 11.2ರ ಜೊತೆಗಾರ 8 ಆರ್ಕ್‌ಸೆಕೆಂಡ್ ಅಂತರದಲ್ಲೂ ಕಾಣಲಿಲ್ಲವೆಂದರೆ ತಪ್ಪಿರುವುದು ಬಹುಶಃ ಪಟ್ಟಿಯಲ್ಲಿ. ಆ ಜೋಡಿಯನ್ನು ಕ್ಯಾಮೆರಾದ ಸಾಲಿಗೆ ಸೇರಿಸಿ.